ಪಿಟೀಲೂ ದವಡೆಯೂ

ಪಿಟೀಲನ್ನು ಕೈಯಿಂದ ನುಡಿಸುತ್ತಾರೆಂಬುದು ಮಕ್ಕಳೂ ಬಲ್ಲ ಸಂಗತಿ. ಅದನ್ನು ದವಡೆಯಿಂದಲೂ ನುಡಿಸುತ್ತಾರೆಂದರೆ ನಗುವವರುಂಟು. ಆದರೆ ಯೂರೋಪಿನಲ್ಲಿ ಸುಮಾರು ಇನ್ನೂರು ವರ್ಷಗಳಿಂದ ನಡೆದು ಬಂದಿರುವುದು ಹೆಚ್ಚುಕಡಮೆ ಇದೇ. ಅಲ್ಲಿಯ ವಾದಕನು ನಿಂತೋ ಕುರ್ಚಿಯ ಮೇಲೆ ಕುಳಿತೋ ಪಿಟೀಲನ್ನು ಎಡಹೆಗಲಿಗೂ ಗದ್ದಕ್ಕೂ ನಡುವೆ ಇರಿಸಿಕೊಳ್ಳುತ್ತಾನೆ. ಬಹುಕಾಲ ಸಾಧನೆ ಮಾಡಿದವರ ಎಡದವಡೆಯ ಕೆಳಗೆ ಚರ್ಮವು ಕಂದಿ, ಒರಟಾಗಿ, ಒಂದು ಕಲೆ ಶಾಶ್ವತವಾಗಿ ನಿಲ್ಲುವುದುಂಟು. ಆ ದೇಶಗಳ ಚರ್ಮವೈದ್ಯರು ಇದಕ್ಕೆ ‘ಪಿಟೀಲುಗಾರನ ಕತ್ತು’ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಕೆಲವು ವಾದಕರು ಈ ಕಲೆಯನ್ನು ಸಾಧನೆಯ ಮುದ್ರೆಯೆಂದು ಹೆಮ್ಮೆಪಟ್ಟುಕೊಳ್ಳುವುದೂ ಉಂಟು. ಚರ್ಮದ ಮೇಲಿನ ಕಲೆಯಿಂದ ಅಷ್ಟು ಹಾನಿಯಿಲ್ಲ; ಒಳಗಿನ ಬಿಗಿತವೇ ನಿಜವಾದ ತೊಂದರೆ. ಬಾಯಿ ತೆರೆದಾಗ ಕಿವಿಯ ಮುಂದೆ ಟಕ್ಕೆಂದು ಸದ್ದಾಗುವುದು, ಕಣತಲೆ ನೋಯುವುದು, ಕತ್ತು ಹೊರಳದಿರುವುದು, ಎಡಗೈ ಬೆರಳುಗಳು ಭಾರವಾಗುವುದು, ಕೊನೆಗೆ ವಾದ್ಯವನ್ನು ಕಂಡರೇ ಬೇಸರ ಬರುವುದು, ಹೀಗೆ ಒಂದರ ಹಿಂದೊಂದು ಬಂದು ಎಷ್ಟೋ ಜನ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದಾರೆ.

ಈ ಬಿಗಿತವನ್ನು ಆಯಾ ವಾದಕನ ದೌರ್ಬಲ್ಯವೆಂದು ಎಣಿಸುವುದು ವಾಡಿಕೆ. ನಮಗೆ ಹಾಗೆ ತೋರುವುದಿಲ್ಲ. ಅದಕ್ಕೊಂದು ಚರಿತ್ರೆಯಿದೆ, ದವಡೆಗೆ ಈ ಚಾಕರಿ ಗಂಟುಬಿದ್ದ ಕಾಲವನ್ನು ಇಸವಿಗಳ ಸಹಿತ ತೋರಿಸಬಹುದು, ಅದರಿಂದ ದವಡೆಯನ್ನು ಬಿಡಿಸಿದವರ ಹೆಸರುಗಳನ್ನೂ ಹೇಳಬಹುದು. ಹಾಗೆ ಬಿಡಿಸಿದವರಲ್ಲಿ ನಮ್ಮ ದಕ್ಷಿಣ ದೇಶದವರು ಮೊದಲಿಗರೆಂಬುದು ಈ ಲೇಖನದ ಮುಖ್ಯ ಮಾತು.

ಮೊದಲು ದವಡೆಯ ರಚನೆಯನ್ನು ಸ್ವಲ್ಪ ತಿಳಿಯಬೇಕು. ತಲೆಬುರುಡೆಗೆ ಕೆಳದವಡೆಯು ಎರಡು ಕಿವಿಗಳ ಮುಂದೆ ಎರಡು ಕೀಲುಗಳಿಂದ ತೂಗುಬಿದ್ದಿದೆ. ಅದನ್ನು ಮೇಲಕ್ಕೆಳೆದು ಮುಚ್ಚುವ ಸ್ನಾಯುಗಳಲ್ಲಿ ಒಂದು ಕೆನ್ನೆಯ ಹಿಂಭಾಗದಲ್ಲಿದೆ, ಇನ್ನೊಂದು ಬೀಸಣಿಗೆಯಂತೆ ಕಣತಲೆಯ ಮೇಲೆ ಹರಡಿಕೊಂಡಿದೆ. ಶಾಲೆಯ ಮಕ್ಕಳಿಗೆ ಇದನ್ನು ತೋರಿಸಿಕೊಡುವುದು ಬಹಳ ಸುಲಭ. ಎರಡು ಅಂಗೈಗಳನ್ನೂ ಕಣತಲೆಗೆ ಒತ್ತಿ ಹಿಡಿದು ಹಲ್ಲು ಕಚ್ಚಿರೆಂದರೆ ಸಾಕು, ಅಂಗೈಯ ಕೆಳಗೆ ಮಾಂಸಖಂಡವು ಉಬ್ಬುವುದನ್ನು ಅವರೇ ಕಂಡುಕೊಂಡು ಕೂಗಾಡುತ್ತಾರೆ. ಈ ಸ್ನಾಯುಗಳು ವಿಶ್ರಾಂತಿಯಲ್ಲಿರುವಾಗ ತುಟಿಗಳು ಕೂಡಿದ್ದರೂ ಹಲ್ಲುಗಳು ಕೂಡಿರುವುದಿಲ್ಲ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ 2ರಿಂದ 4 ಮಿಲಿಮೀಟರಿನಷ್ಟು ಎಡೆಯಿರುತ್ತದೆ. ಅಗಿಯುವಾಗಲೂ ನುಂಗುವಾಗಲೂ ಹೊರತು ಹಲ್ಲುಗಳು ಒಂದಕ್ಕೊಂದು ತಾಗಬೇಕಾದ ಅಗತ್ಯವೇ ಇಲ್ಲ. ಆದರೂ ನಾವೆಲ್ಲರೂ ಕಚ್ಚುತ್ತೇವೆ. ಹೊಸದಾಗಿ ಅಕ್ಷರ ತಿದ್ದುವ ಮಗುವನ್ನು ನೋಡಬೇಕು. ಬಳಪ ಹಿಡಿದಿರುವುದು ಮೂರು ಬೆರಳುಗಳಲ್ಲಿ. ಆದರೆ ಹಲ್ಲು ಕಚ್ಚಿರುತ್ತದೆ, ಇಲ್ಲವೆ ನಾಲಗೆ ಬಾಯಿಯಿಂದ ಹೊರಬಂದಿರುತ್ತದೆ. ‘ಳ’ಕಾರವನ್ನು ಬರೆಯುವುದಕ್ಕೆ ದವಡೆಯಿಂದ ಏನೂ ಆಗಬೇಕಾದುದಿಲ್ಲವೆಂಬುದನ್ನು ಕಲಿಯುವುದಕ್ಕೆ ಮಗುವಿಗೆ ಒಂದು ವರ್ಷ ಹಿಡಿಯುತ್ತದೆ.

ಪಿಟೀಲಿನ ಮಾತಿಗೆ ಬರೋಣ. ಈ ವಾದ್ಯವು ಈಗಿನ ರೂಪದಲ್ಲಿ ಹದಿನಾರನೆಯ ಶತಮಾನದಲ್ಲಿ ಇಟಲಿಯ ಉತ್ತರ ಭಾಗದಲ್ಲಿ ಹುಟ್ಟಿತು. ಆರಂಭದಲ್ಲಿ ಅದು ಹೆಚ್ಚಾಗಿ ಕುಣಿತಕ್ಕೆ ಒದಗುತ್ತಿದ್ದ ವಾದ್ಯ. ನುಡಿಸುವವರು ಅದನ್ನು ಎದೆಗೋ ತೋಳಿಗೋ ಕೊರಳ ಬುಡದ ಅಡ್ಡ ಎಲುಬಿಗೋ ಆನಿಸಿಕೊಂಡು ನುಡಿಸುತ್ತಿದ್ದರು. ಗದ್ದವನ್ನು ಅದರ ಮೇಲಿಡಲೇಬೇಕೆಂಬ ಕಟ್ಟಳೆಯಿರಲಿಲ್ಲ. ಇಟಲಿಯವನಾಗಿ ಲಂಡನ್ನಿನಲ್ಲಿ ನೆಲಸಿದ್ದ ಜೆಮಿನಿಯಾನಿಯು 1751ರಲ್ಲಿ ಪಿಟೀಲುವಾದನವನ್ನು ಕುರಿತು ಪ್ರಕಟಿಸಿದ ಪುಸ್ತಕದಲ್ಲಿ ವಾದ್ಯವನ್ನು ಆ ಅಡ್ಡ ಎಲುಬಿನ ಸ್ವಲ್ಪ ಕೆಳಗೆ ಆನಿಸಬೇಕೆಂದಿದ್ದಾನೆ. ಹೀಗೆ ಹಿಡಿದವನು ನುಡಿಸುತ್ತ ಮಾತನಾಡಬಹುದು, ಹಾಡಬಹುದು, ಪಕ್ಕದವನ ಕಡೆಗೆ ತಿರುಗಿ ನಗಬಹುದು.

ಇದಾದ ಐದು ವರ್ಷಗಳಿಗೆ, 1756ರಲ್ಲಿ, ಲಿಯೋಪೋಲ್ಡ್ ಮೊಜಾರ್ಟನ ಗ್ರಂಥವು ಜರ್ಮನ್ ಭಾಷೆಯಲ್ಲಿ ಹೊರಬಿತ್ತು. ಲೋಕಪ್ರಸಿದ್ಧನಾದ ಮೊಜಾರ್ಟನ ತಂದೆ ಈತ. ಮಗ ಹುಟ್ಟಿದ್ದೂ ಗ್ರಂಥ ಹೊರಬಿದ್ದದ್ದೂ ಒಂದೇ ವರ್ಷ. ಲಿಯೋಪೋಲ್ಡನು ಎರಡು ಬಗೆಯ ಹಿಡಿತಗಳನ್ನು ವರ್ಣಿಸುತ್ತಾನೆ. ಮೊದಲನೆಯದು ಎದೆಯ ಮಟ್ಟದಲ್ಲಿ ವಾದ್ಯವನ್ನು ಓರೆಯಾಗಿ ಹಿಡಿಯುವುದು. ನೋಟಕ್ಕೆ ಇದು ಚೆಲುವಾಗಿದ್ದರೂ ಕೈ ಮೇಲೆ ಕೆಳಗೆ ಓಡಾಡುವಾಗ ವಾದ್ಯ ನಿಲ್ಲುವುದಿಲ್ಲವೆಂದು ಅವನ ಆಕ್ಷೇಪ. ಎರಡನೆಯದು ವಾದ್ಯವನ್ನು ಕೊರಳಿಗೆ ತಗಲಿಸಿ ಹೆಗಲ ಮುಂಭಾಗದಲ್ಲಿ ಇರಿಸುವುದು. ಆಗ ಸಣ್ಣ ತಂತಿಯ ಪಕ್ಕವು ಗದ್ದದ ಕೆಳಗೆ ಬರುತ್ತದೆ. ಇದನ್ನೇ ಅವನು ಮೆಚ್ಚಿದನು. 1761ರಲ್ಲಿ ಫ್ರಾನ್ಸಿನ ಲಬ್ಬೆ ಲ ಫಿಸ್ ಎಂಬುವನು ಗದ್ದವನ್ನು ದಪ್ಪ ತಂತಿಯ ಪಕ್ಕಕ್ಕೆ ಇಡಬೇಕೆಂದು ಬರೆದನು. ಯೂರೋಪಿನಲ್ಲಿ ಇಂದಿಗೂ ಗದ್ದವಿರುವುದು ಆ ಪಕ್ಕದಲ್ಲಿಯೇ.

ಹತ್ತು ವರ್ಷಗಳ ಅಂತರದಲ್ಲಿ ಮೂರು ಮಂದಿ ಮೂರು ಬಗೆಯಾಗಿ ಹೇಳಬೇಕಾದರೆ ಆ ಕಾಲದಲ್ಲಿ ಏನೋ ಒಂದು ಅವಸರ ಹುಟ್ಟಿರಬೇಕಷ್ಟೆ. ಅದು ಏನೆಂಬುದನ್ನು ವಾದ್ಯವನ್ನು ಕೈಗೆ ತೆಗೆದುಕೊಂಡರೆ ತಿಳಿಯಬಹುದು. ಎಡಗೈ ಬಿರಡೆಗಳ ಬಳಿ ಇದ್ದಷ್ಟು ಹೊತ್ತು ವಾದ್ಯವು ಕೈಯ ಮೇಲೆಯೇ ನೆಮ್ಮದಿಯಾಗಿರುತ್ತದೆ. ತಾರಸ್ಥಾಯಿಯ ಸ್ವರಗಳಿಗಾಗಿ ಕೈಯನ್ನು ಮೈಕಡೆಗೆ ಸರಿಸಿದರೂ ತೊಂದರೆಯಿಲ್ಲ. ಆಗ ಕೈಯೇ ವಾದ್ಯವನ್ನು ಕೊರಳಿಗೆ ಒತ್ತುತ್ತದೆ. ಕೈಯನ್ನು ಪುನಃ ಬಿರಡೆಗಳತ್ತ ಹಿಂದಕ್ಕೆಳೆದಾಗ ಮಾತ್ರ ವಾದ್ಯವೂ ಕೈಯ ಸಂಗಡವೇ ಜಾರಿ ಮೈಯಿಂದ ಕಳಚಿಕೊಳ್ಳಲು ಹವಣಿಸುತ್ತದೆ. ಹಳಬರು ಹೆಬ್ಬೆರಳನ್ನು ಹುಳುವಿನಂತೆ ತೆವಳಿಸುತ್ತ ಜಾಣತನದಿಂದ ಹಿಂದಕ್ಕೆ ಬರುತ್ತಿದ್ದರು. ಆದರೆ ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಸಂಗೀತದ ವೇಗ ಹೆಚ್ಚಿತು. ಮೇಲಿನ ಸ್ಥಾಯಿಗೆ ಹಾರುವುದೂ ಇಳಿಯುವುದೂ ಹೆಚ್ಚಿತು. ಅರಮನೆಯ ಕೋಣೆಯನ್ನು ಬಿಟ್ಟು ಸಂಗೀತವು ಟಿಕೇಟು ಕೊಂಡವರ ದೊಡ್ಡ ಸಭಾಭವನಗಳಿಗೆ ಬಂದಿತು. ನಾದ ದೊಡ್ಡದಾಗಬೇಕೆಂದು ಪಿಟೀಲಿನ ಕತ್ತನ್ನು ಉದ್ದ ಮಾಡಿ ಹಿಂದಕ್ಕೆ ಬಾಗಿಸಿದರು, ತಂತಿಗಳನ್ನು ಇನ್ನಷ್ಟು ಬಿಗಿದರು. ಇಷ್ಟು ಕೆಲಸವನ್ನು ಹೊತ್ತ ಎಡಗೈಗೆ ವಾದ್ಯವನ್ನು ಹಿಡಿಯುವ ಹೊಣೆಯನ್ನೂ ಹೊರಿಸುವುದು ಸಾಧ್ಯವಾಗಲಿಲ್ಲ. ಹತ್ತಿರದಲ್ಲಿ ಕೆಲಸವಿಲ್ಲದೆ ಇದ್ದ ಅಂಗವೆಂದರೆ ದವಡೆಯೊಂದೇ.

1820ರ ಸುಮಾರಿಗೆ ಜರ್ಮನಿಯ ಲೂಯಿ ಸ್ಪೋರ್ ಎಂಬ ವಾದಕನು ಪಿಟೀಲಿನ ಮೇಲೆ ಒಂದು ಪುಟ್ಟ ಮರದ ಆಸರೆಯನ್ನು ಕೂಡಿಸಿದನು. ಇಂದು ‘ಚಿನ್‌ರೆಸ್ಟ್’ ಎಂದು ಎಲ್ಲರೂ ಕರೆಯುವ ಗದ್ದದ ಹಲಗೆ ಇದೇ. 1784ರಲ್ಲಿ ಬ್ರೌನ್‌ಷ್ವೈಗ್ ಎಂಬ ಊರಿನಲ್ಲಿ ಹುಟ್ಟಿದ ಸ್ಪೋರನು ಬಹಳ ಎತ್ತರದ ಆಳು. ಅವನ ಉದ್ದವಾದ ಕೊರಳಿಗೂ ಈ ಹಲಗೆಗೂ ಸಂಬಂಧವಿತ್ತೋ ಏನೋ ಎಂದು ನಾವು ತಮಾಷೆಗೆ ಊಹಿಸಬಹುದು. 1832ರಲ್ಲಿ ಹೊರಬಂದ ತನ್ನ ಪಾಠಗ್ರಂಥದಲ್ಲಿ ಅವನು ಇದನ್ನು ವಿವರಿಸಿದ್ದಾನೆ. ಅವನ ಹಲಗೆ ವಾದ್ಯದ ಅಂಚಿನ ಮಧ್ಯದಲ್ಲಿ, ತಂತಿಗಳನ್ನು ಕಟ್ಟುವ ಪಟ್ಟಿಯ ಮೇಲೆ ಇದ್ದಿತು. ಎಡಪಕ್ಕಕ್ಕೆ ಸರಿದದ್ದು ಆಮೇಲಿನ ಮಾತು. ಎಡಗೈ ನಿರಾತಂಕವಾಗಿ ಓಡಾಡಲೆಂದು, ವಾದ್ಯ ಸ್ಥಿರವಾಗಿ ನಿಲ್ಲಲೆಂದು ಅವನು ಮಾಡಿದ ಈ ಉಪಕಾರವನ್ನು ಕಡಮೆಯೆಂದು ಹೇಳಲಾಗದು. ಅದು ಬಂದಮೇಲೆ ಎಡಗೈ ನಿಜವಾಗಿಯೂ ಬಿಡುಗಡೆ ಹೊಂದಿತು. ಆದರೆ ಮನೆಯ ಒಬ್ಬ ಸೊಸೆಯ ಕೆಲಸ ತಪ್ಪಿದರೆ ಅದು ಇನ್ನೊಬ್ಬಳ ಪಾಲಿಗೆ ಬೀಳುವಂತೆ ಕೈಯಿಂದ ಇಳಿದ ಹೊರೆ ದವಡೆಗೆ ಏರಿತು. ಸ್ಪೋರನ ಸಮಕಾಲೀನನಾದ ಪಗನೀನಿಯು ಹಲಗೆಯ ಹಂಗಿಲ್ಲದೆಯೇ ಲೋಕವನ್ನು ಬೆರಗುಗೊಳಿಸಿದನೆಂಬುದನ್ನೂ ಇಲ್ಲಿ ನೆನೆಯಬೇಕು. ಅವನ ದಾರಿಯಲ್ಲಿ ನಡೆಯುವುದು ಉಳಿದವರಿಗೆ ಅಸಾಧ್ಯವಾಯಿತು, ಸ್ಪೋರನ ದಾರಿ ಹೆದ್ದಾರಿಯಾಯಿತು.

ಹಲಗೆಯಿಂದಲೂ ತೃಪ್ತಿಯಾಗದೆ ಹೆಗಲಿಗೂ ವಾದ್ಯಕ್ಕೂ ನಡುವೆ ದಿಂಬುಗಳನ್ನು ಇಡುವ ಪದ್ಧತಿ ಬಂದಿತು. ಹೈಫೆಟ್ಸ್ ಮೊದಲಾದ ಮಹಾವಾದಕರ ಗುರುವಾದ ಲಿಯೋಪೋಲ್ಡ್ ಆವರ್ ತನ್ನ 1921ರ ಪುಸ್ತಕದಲ್ಲಿ ಇಂಥ ದಿಂಬುಗಳು ನಾದವನ್ನು ನುಂಗುತ್ತವೆಂದು ಗದರಿಸಿದ್ದಾನೆ. ದಿಂಬಿನವರಿಗೂ ದಿಂಬಿಲ್ಲದವರಿಗೂ ವಾಗ್ವಾದ ಇನ್ನೂ ನಡೆದಿದೆ. ನಾವು ಅದರಲ್ಲಿ ತಲೆಹಾಕುವುದಿಲ್ಲ. ಒಂದು ಲೆಕ್ಕವನ್ನು ಮಾತ್ರ ಹೇಳುತ್ತೇವೆ. ಪಿಟೀಲಿನ ತೂಕ ಅರ್ಧ ಕಿಲೋಗ್ರಾಮಿನ ಆಸುಪಾಸು. ಬೆಳೆದ ಮನುಷ್ಯನ ತಲೆಯ ತೂಕ ನಾಲ್ಕೂವರೆಯಿಂದ ಐದು ಕಿಲೋಗ್ರಾಮು. ಇಷ್ಟು ಭಾರವಾದ ತಲೆಯನ್ನು ಹಲಗೆಯ ಮೇಲೆ ಸುಮ್ಮನೆ ಇಟ್ಟರೂ ಸಾಕು, ಆ ತೂಕಕ್ಕೇ ವಾದ್ಯ ನಿಲ್ಲುತ್ತದೆ. ಅಮುಕುವ ಅಗತ್ಯವಿಲ್ಲ, ಹಲ್ಲು ಕಚ್ಚುವ ಅಗತ್ಯವಂತೂ ಇಲ್ಲವೇ ಇಲ್ಲ. ಮೇಲಿನ ಹಲ್ಲನ್ನು ಕೆಳಗಿನ ಹಲ್ಲಿಗೆ ಒತ್ತಿದರೆ ಪಿಟೀಲಿಗೆ ಆಗುವುದೇನು? ಆದರೂ ಕಚ್ಚುತ್ತಾರೆ. ಗದ್ದದಿಂದ ಏನನ್ನೂ ಹಿಡಿಯಬೇಕಾಗಿಲ್ಲದ ಚೆಲ್ಲೋ ವಾದಕರೂ ಕಚ್ಚುತ್ತಾರೆ. ಆದುದರಿಂದ ವಾದ್ಯದ ಭಾರವೊಂದೇ ಇದಕ್ಕೆ ಕಾರಣವಲ್ಲ. ಬಿದ್ದುಹೋದೀತೆಂಬ ಭಯ, ಅಪಸ್ವರ ಬಂದೀತೆಂಬ ಭಯ, ಕೇಳುವವರ ಭಯ, ಇವೆಲ್ಲವೂ ಒಟ್ಟಾಗಿ ದವಡೆಯಲ್ಲಿ ಬಂದು ಕೂಡುತ್ತವೆ.

ಈ ಸಂಗತಿಯನ್ನು ನಮ್ಮ ಪ್ರಾಚೀನರು ಕಾಣದೆ ಹೋಗಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸು ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ರಚಿಸಿದನು. (ಆ ಸೇವುಣರು ಹಾಕಿಸಿದ ಕನ್ನಡ ಶಾಸನಗಳು ಅನೇಕ, ದೇವಗಿರಿ ಇಂದು ಮಹಾರಾಷ್ಟ್ರದಲ್ಲಿದ್ದರೂ ಗಡಿಯಾಚೆಯ ಕನ್ನಡಿಗರಾದ ನಮಗೆ ಅದು ಪರಸ್ಥಳವೆನಿಸುವುದಿಲ್ಲ.) ಆ ಗ್ರಂಥದಲ್ಲಿ ಗಾಯಕರ ಇಪ್ಪತ್ತೈದು ದೋಷಗಳ ಪಟ್ಟಿಯಿದೆ. ಅದರಲ್ಲಿ ಮೊಟ್ಟಮೊದಲನೆಯವನು ‘ಸಂದಷ್ಟ’, ಎಂದರೆ ಹಲ್ಲು ಕಚ್ಚಿ ಹಾಡುವವನು. ಅದೇ ಪಟ್ಟಿಯಲ್ಲಿ ಸ್ವಲ್ಪ ಮುಂದೆ ‘ಭೀತ’, ಹೆದರಿ ಹಾಡುವವನು. ಒಂಟೆಯಂತೆ ಕೊರಳೆತ್ತಿ ಹಾಡುವವನೂ, ಕೊರಳು ಸೊಟ್ಟಗೆ ಮಾಡುವವನೂ, ಮುಖದ ನರಗಳನ್ನು ಉಬ್ಬಿಸುವವನೂ ಅಲ್ಲಿದ್ದಾರೆ. ಪಟ್ಟಿಯನ್ನು ಬರೆದದ್ದು ಗಾಯಕರಿಗಾಗಿ. ಆದರೆ ಇಂದಿನ ಯಾವ ಪಿಟೀಲು ತರಗತಿಯಲ್ಲಾದರೂ ಈ ಮಹನೀಯರೆಲ್ಲರ ದರ್ಶನವಾಗುತ್ತದೆ.

ಯೂರೋಪಿನ ಪಿಟೀಲು ನಮ್ಮ ಸಂಗೀತಕ್ಕೆ ಬಂದದ್ದು ಸ್ಪೋರನ ಹಲಗೆ ಹುಟ್ಟುವುದಕ್ಕಿಂತ ಮುಂಚೆಯೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಒಬ್ಬ ಯೂರೋಪಿಯನ್ ವಾದಕನಿಂದ ಇದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅವರ ಬೆನ್ನಿಗೇ ತಂಜಾವೂರಿನ ನಾಲ್ವರು ಸಹೋದರರಲ್ಲಿ ಕಿರಿಯರಾದ ವಡಿವೇಲು ಅವರು ಇದರಲ್ಲಿ ಅಸಾಧಾರಣ ಪ್ರವೀಣರೆನಿಸಿದರು. ಅವರಿಗೆ 1834ರಲ್ಲಿ ತಿರುವಾಂಕೂರಿನ ಮಹಾರಾಜರಾದ ಸ್ವಾತಿ ತಿರುನಾಳರು ದಂತದ ಪಿಟೀಲೊಂದನ್ನು ಉಡುಗೊರೆಯಾಗಿ ಕೊಟ್ಟರು. ಕಾಸರಗೋಡಿನವರಾದ ನಾವು ಇಂದು ಅದೇ ತಿರುವನಂತಪುರಕ್ಕೆ ಅರ್ಜಿಗಳನ್ನು ಹಿಡಿದುಕೊಂಡು ಹೋಗುತ್ತೇವೆ. ಆ ಊರಿನಿಂದ ಒಂದು ಕಾಲದಲ್ಲಿ ಪಿಟೀಲುಗಾರರಿಗೆ ದಂತದ ವಾದ್ಯ ದೊರೆಯುತ್ತಿತ್ತೆಂಬುದನ್ನು ನೆನೆದರೆ ದಾರಿಯ ಆಯಾಸ ಸ್ವಲ್ಪ ಕಡಮೆಯಾಗುತ್ತದೆ.

ನಮ್ಮವರು ವಾದ್ಯವನ್ನು ತೆಗೆದುಕೊಂಡರು, ಹಿಡಿತವನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ನಮ್ಮ ಕಚೇರಿಯಲ್ಲಿ ಹಾಡುವವರು ನೆಲದ ಮೇಲೆ ಕುಳಿತಿರುವರಾದುದರಿಂದ ಪಕ್ಕವಾದ್ಯದವರೂ ಕುಳಿತೇ ನುಡಿಸಬೇಕು. ಚಕ್ಕಳಮಕ್ಕಳ ಹಾಕಿ ಕುಳಿತು, ಬಲಗಾಲನ್ನು ಕೊಂಚ ಮುಂದೆ ಚಾಚಿ, ಪಿಟೀಲಿನ ಸುರುಳಿತಲೆಯನ್ನು ಬಲಪಾದದ ಹರಡಿನ ಮೇಲೆ ಇರಿಸಿ, ಇನ್ನೊಂದು ತುದಿಯನ್ನು ಎಡಗಡೆಯ ಎದೆಗೆ ಆನಿಸಿಕೊಳ್ಳುವ ಪದ್ಧತಿ ನೆಲೆಗೊಂಡಿತು. ಇದರ ಜಾಣ್ಮೆಯನ್ನು ನಾವು ದಿನವೂ ನೋಡುತ್ತಿರುವುದರಿಂದಲೇ ಗಮನಿಸುವುದಿಲ್ಲ. ಯೂರೋಪಿನವರನ್ನು ಕಾಡಿದ ಪ್ರಶ್ನೆ ಯಾವುದು? ಕೈ ಬಿರಡೆಯತ್ತ ಇಳಿಯುವಾಗ ವಾದ್ಯ ಮೈಯಿಂದ ಕಳಚಿ ಹೋಗುತ್ತದೆಂಬುದು. ನಮ್ಮಲ್ಲಿ ಕೈ ಬಿರಡೆಯತ್ತ ಇಳಿದರೆ ವಾದ್ಯವು ಪಾದಕ್ಕೆ ಇನ್ನಷ್ಟು ಆನುತ್ತದೆ, ಮೇಲಕ್ಕೆ ಏರಿದರೆ ಎದೆಗೆ ಇನ್ನಷ್ಟು ಆನುತ್ತದೆ. ಎರಡು ತುದಿಗಳಿಗೂ ಗೋಡೆಯಿದ್ದಂತಾಯಿತು. ಜಾರಿ ಬೀಳುವ ದಾರಿಯೇ ಇಲ್ಲ. ಎಡಗೈ ಸಂಪೂರ್ಣವಾಗಿ ಬಿಡುವಾಗಿದ್ದು ಒಂದೇ ಬೆರಳಿನಿಂದ ಒಂದೇ ತಂತಿಯ ಮೇಲೆ ಷಡ್ಜದಿಂದ ಪಂಚಮಕ್ಕೆ ಜಾರಬಹುದು, ಗಮಕವನ್ನು ಬೇಕಾದಷ್ಟು ತೂಗಬಹುದು. ಗದ್ದಕ್ಕೆ ಕೆಲಸವೇ ಉಳಿಯಲಿಲ್ಲ. ಸ್ಪೋರನು ಹಲಗೆಯಿಂದ ಬಿಡಿಸಲೆತ್ನಿಸಿದ ಗಂಟನ್ನು ನಮ್ಮವರು ಪಾದದಿಂದ ಬಿಡಿಸಿದರು.

ಮೈಸೂರಿನ ಟಿ. ಚೌಡಯ್ಯನವರನ್ನು ಇಲ್ಲಿ ನೆನೆಯದೆ ಮುಂದುವರಿಯುವುದು ಸಾಧ್ಯವಿಲ್ಲ. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಕಠಿಣ ಶಿಷ್ಯವೃತ್ತಿ ಮಾಡಿ, 1967ರಲ್ಲಿ ತೀರಿಕೊಂಡ ಈ ಮಹನೀಯರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಕೂಡಿಸಿ ಏಳು ತಂತಿಗಳ ಪಿಟೀಲನ್ನು ನುಡಿಸಿದರು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿಗೂ ನಾದ ಮುಟ್ಟಬೇಕೆಂಬುದು ಅವರ ಉದ್ದೇಶ. ಯೂರೋಪಿನಲ್ಲಿ ದೊಡ್ಡ ಸಭಾಭವನವು ಪಿಟೀಲಿನ ಕತ್ತನ್ನೂ ವಾದಕನ ಕತ್ತನ್ನೂ ಒಟ್ಟಿಗೆ ಬಿಗಿಸಿತಷ್ಟೆ. ಅದೇ ಸಭಾಭವನವನ್ನು ಚೌಡಯ್ಯನವರು ತಂತಿಗಳನ್ನು ಹೆಚ್ಚಿಸಿ ಎದುರಿಸಿದರು. ಜೋಡಿ ತಂತಿಗಳನ್ನು ಒಂದೇ ಬೆರಳಿನಿಂದ ಅದುಮಿ ಜಾರಿಸುವ ಆ ಶ್ರಮವನ್ನು ವಾದ್ಯವು ಪಾದ ಎದೆಗಳ ನಡುವೆ ಭದ್ರವಾಗಿಲ್ಲದಿದ್ದರೆ ಕೈಯೊಂದೇ ತಾಳುತ್ತಿತ್ತೆಂದು ನಮಗೆ ತೋರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಸ್ವಪ್ರಶಂಸೆಯಾದೀತು. ಕೆಲಸ ತಪ್ಪಿದ ಮಾತ್ರಕ್ಕೆ ನಮ್ಮ ವಿದ್ಯಾರ್ಥಿಗಳ ದವಡೆಯೇನೂ ಸಡಿಲವಾಗಿಲ್ಲ. ಎರಡನೆಯ ಕಾಲದಲ್ಲಿ ನೆಮ್ಮದಿಯಾಗಿ ನುಡಿಸುತ್ತಿದ್ದ ಹುಡುಗಿ ಮೂರನೆಯ ಕಾಲಕ್ಕೆ ಬಂದೊಡನೆ ಅವಳ ಕೆನ್ನೆಯ ಮೂಲೆಯಲ್ಲಿ ಗಂಟು ಮೂಡುತ್ತದೆ; ಉಸಿರು ನಿಲ್ಲುತ್ತದೆ; ಬಲಹೆಗಲು ಮೇಲೇಳುತ್ತದೆ; ಕಮಾನು ತಂತಿಯ ಮೇಲೆ ನಡುಗುತ್ತದೆ. ಹಾಗಾದಾಗ ಕಮಾನಿನ ಕೈಯನ್ನು ತಿದ್ದಿ ಪ್ರಯೋಜನವಿಲ್ಲ. ನಮ್ಮ ಸಂಪ್ರದಾಯದಲ್ಲಿ ಇದಕ್ಕೆ ಮದ್ದು ಬಹಳ ಹಿಂದಿನಿಂದ ಇದ್ದೇ ಇದೆ. ವಾದ್ಯ ಕಲಿಯುವವನೂ ಮೊದಲು ಬಾಯಲ್ಲಿ ಹಾಡಬೇಕು, ಸರಳೆ ಜಂಟಿವರಸೆಗಳನ್ನು ಹಾಡುತ್ತಲೇ ನುಡಿಸಬೇಕು ಎಂಬ ನಿಯಮವೇ ಆ ಮದ್ದು. ಅದನ್ನು ಸ್ವರಜ್ಞಾನಕ್ಕಾಗಿ ಮಾಡಿದರೆಂಬುದು ನಿಜ. ಆದರೆ ‘ಸ’ ಎನ್ನುವುದಕ್ಕೂ ‘ಮ’ ಎನ್ನುವುದಕ್ಕೂ ಹಲ್ಲು ಬಿಡಲೇಬೇಕು; ಹಾಡುವ ದವಡೆ ಕಚ್ಚಲಾರದು, ಹಾಡುವವನ ಉಸಿರು ನಿಲ್ಲಲಾರದು. ಪಾಠದ ಹೊತ್ತು ಉಳಿಸುವುದಕ್ಕಾಗಿ ಈ ನಿಯಮವನ್ನು ಕೈಬಿಟ್ಟು, ಪುಸ್ತಕ ಎದುರಿಗಿಟ್ಟು ಮೌನವಾಗಿ ನುಡಿಸುವುದನ್ನು ಕಲಿಸುವ ಇಂದಿನ ಅವಸರವನ್ನು ನಾವು ಒಪ್ಪಲಾರೆವು.

ಇನ್ನು ಇಪ್ಪತ್ತನೆಯ ಶತಮಾನದ ಕತೆ. 1869ರಲ್ಲಿ ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದಲ್ಲಿ ಹುಟ್ಟಿದ ಎಫ್. ಎಂ. ಅಲೆಕ್ಸಾಂಡರ್ ಎಂಬವರು ವೃತ್ತಿಯಿಂದ ಕಾವ್ಯವಾಚಕರು. ವೇದಿಕೆಯ ಮೇಲೆ ಅವರ ಗಂಟಲು ಕಟ್ಟತೊಡಗಿತು. ವೈದ್ಯರಿಂದ ಗುಣ ಕಾಣದಿರಲು ಕನ್ನಡಿಯ ಮುಂದೆ ನಿಂತು ತಮ್ಮನ್ನು ತಾವೇ ಪರೀಕ್ಷಿಸಿಕೊಂಡರು. ವಾಚನಕ್ಕೆ ತೊಡಗುವ ಕ್ಷಣದಲ್ಲಿಯೇ ತಲೆಯನ್ನು ಹಿಂದಕ್ಕೆ ಸೆಳೆದುಕೊಂಡು ಗಂಟಲನ್ನು ಅದುಮುತ್ತಿರುವುದು ಅವರಿಗೆ ಕಂಡಿತು. ಮಾಡುವುದನ್ನು ಬಿಡುವುದೇ ಮದ್ದು ಎಂಬುದನ್ನು ಕಂಡುಕೊಂಡು ಅವರು 1904ರಲ್ಲಿ ಲಂಡನ್ನಿಗೆ ಹೋಗಿ 1955ರಲ್ಲಿ ತೀರಿಕೊಳ್ಳುವವರೆಗೂ ಇದನ್ನೇ ಬೋಧಿಸಿದರು. ಲಂಡನ್ನಿನ ಸಂಗೀತ ಕಾಲೇಜುಗಳಲ್ಲಿ ಇವರ ವಿಧಾನವನ್ನು ಇಂದು ವಾದಕರಿಗೂ ಕಲಿಸುತ್ತಾರೆ. ಹಂಗೇರಿಯನ್ ಮೂಲದ ಪಿಟೀಲುವಾದಕಿ ಕಾಟೊ ಹಾವಾಶ್ ಅವರು 1961ರಲ್ಲಿ ಹೊಸ ವಾದನಕ್ರಮವೊಂದನ್ನು ಕುರಿತು ಬರೆದು, 1973ರಲ್ಲಿ ವೇದಿಕೆಯ ಭಯವೆಂಬ ವಿಷಯಕ್ಕೆಂದೇ ಇನ್ನೊಂದು ಪುಸ್ತಕವನ್ನು ಮೀಸಲಿಟ್ಟರು. ತಮ್ಮ ನಾಡಿನ ಜಿಪ್ಸಿ ವಾದಕರು ಯಾವ ಭಯವೂ ಇಲ್ಲದೆ ನುಡಿಸುತ್ತಿದ್ದುದು ಅವರ ಮನಸ್ಸಿನಲ್ಲಿ ಆಳವಾಗಿ ನಿಂತಿತ್ತು.

ಆದರೆ ಈ ಚರಿತ್ರೆಯಲ್ಲಿ ನಮಗೆ ಎಲ್ಲಕ್ಕಿಂತ ಹತ್ತಿರವಾದ ಘಟನೆ 1952ರಲ್ಲಿ ಮುಂಬಯಿಯಲ್ಲಿ ನಡೆಯಿತು. 1916ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಯೆಹುದಿ ಮೆನುಹಿನ್ ಅವರು ಬಾಲಪ್ರತಿಭೆ. ಹನ್ನೊಂದನೆಯ ವಯಸ್ಸಿಗೇ ಬೆಥೋವನನ ಮಹಾಕೃತಿಯನ್ನು ತುಂಬಿದ ಸಭೆಯಲ್ಲಿ ನುಡಿಸಿದವರು. ಹೇಗೆ ನುಡಿಸುತ್ತೇನೆಂದು ಕೇಳಿಕೊಳ್ಳುವ ಅಗತ್ಯವೇ ಬಾಲ್ಯದಲ್ಲಿ ಅವರಿಗೆ ಬಿದ್ದಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ನೂರಾರು ಕಚೇರಿಗಳನ್ನು ಮಾಡಿ ದೇಹ ದಣಿದಾಗ, ಮೈ ಬಿಗಿಯಿತು, ಕಮಾನು ಮಾತು ಕೇಳದಾಯಿತು, ನಿದ್ರೆ ದೂರವಾಯಿತು. ಆಗ ಅವರಿಗೆ ಯೋಗದಲ್ಲಿ ಆಸಕ್ತಿ ಹುಟ್ಟಿತು. ಪ್ರಧಾನಿ ನೆಹರೂ ಅವರ ಆಹ್ವಾನದ ಮೇಲೆ ಭಾರತಕ್ಕೆ ಬಂದಾಗ ಅವರನ್ನು ಕಾಣಲು ಹೋದ ಯೋಗಶಿಕ್ಷಕರಲ್ಲಿ ಬಿ. ಕೆ. ಎಸ್. ಅಯ್ಯಂಗಾರ್ಯರೂ ಒಬ್ಬರು. ಹೆಸರಿನ ಮೊದಲಕ್ಷರವೇ ಸಾರುವಂತೆ ಅವರು ಕೋಲಾರ ಜಿಲ್ಲೆಯ ಬೆಳ್ಳೂರಿನವರು. 1918ರಲ್ಲಿ ಹುಟ್ಟಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ನಡೆಸುತ್ತಿದ್ದ ಯೋಗಶಾಲೆಯಲ್ಲಿ ಕಲಿತು, 1937ರಲ್ಲಿ ಪುಣೆಗೆ ಹೋಗಿ ನೆಲಸಿದವರು.

ಮೆನುಹಿನ್ ಅವರು ಕೊಟ್ಟಿದ್ದು ಐದೇ ನಿಮಿಷಗಳ ಅವಕಾಶ. ಬಹಳ ದಣಿದಿದ್ದೇನೆಂದೂ ಹೇಳಿದರು. ಅಯ್ಯಂಗಾರ್ಯರು ಕಷ್ಟದ ಆಸನಗಳನ್ನು ತೋರಿಸಿ ಮೆಚ್ಚಿಸಲು ಹೋಗಲಿಲ್ಲ. ಅಂಗಾತ ಮಲಗಿಸಿದರು, ಬೆರಳುಗಳಿಂದ ಕಣ್ಣು ಕಿವಿಗಳನ್ನು ಮೃದುವಾಗಿ ಮುಚ್ಚಿ ಶವಾಸನದಲ್ಲಿರಿಸಿದರು. ಮಹಾವಾದಕರಿಗೆ ನಿದ್ರೆಯೇ ಬಂದುಬಿಟ್ಟಿತು. ಐದು ನಿಮಿಷದ ಭೇಟಿ ಮೂರು ಗಂಟೆಗಳನ್ನು ದಾಟಿತು. 1954ರಲ್ಲಿ ಮೆನುಹಿನ್ ಅವರು ಅಯ್ಯಂಗಾರ್ಯರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. ತಮ್ಮ ಅತ್ಯುತ್ತಮ ಪಿಟೀಲು ಗುರು ಇವರೇ ಎಂದು ಕೆತ್ತಿಸಿದ ಕೈಗಡಿಯಾರವೊಂದನ್ನು ಕೊಟ್ಟರು. ಪಿಟೀಲನ್ನು ಕಲಿಸದ ಬೆಳ್ಳೂರಿನವರೊಬ್ಬರಿಗೆ ಈ ಬಿರುದು ಸಂದಿತು. 1966ರಲ್ಲಿ ಅಯ್ಯಂಗಾರ್ಯರ ಯೋಗಗ್ರಂಥವು ಇಂಗ್ಲಿಷಿನಲ್ಲಿ ಹೊರಬಂದಾಗ ಮುನ್ನುಡಿ ಬರೆದವರು ಮೆನುಹಿನ್ ಅವರೇ. ಆ ಗ್ರಂಥದ ಶವಾಸನ ಪ್ರಕರಣದಲ್ಲಿ ಕೆಳದವಡೆಯನ್ನು ಬಿಗಿಯದೆ ಸಡಿಲವಾಗಿ ಬಿಡಬೇಕು, ನಾಲಗೆಯನ್ನು ಕದಲಿಸಬಾರದು ಎಂದು ಸ್ಪಷ್ಟವಾಗಿ ಹೇಳಿದೆ. 1971ರಲ್ಲಿ ಮೆನುಹಿನ್ ಅವರು ಪಿಟೀಲು ಕಲಿಯುವವರಿಗೆ ಆರು ಪಾಠಗಳ ಪುಸ್ತಕವೊಂದನ್ನು ಬರೆದಾಗ ವಾದ್ಯವನ್ನು ಮುಟ್ಟುವುದಕ್ಕೆ ಮು೦ಚೆ ಮೈಯನ್ನೂ ಉಸಿರನ್ನೂ ಹದಗೊಳಿಸುವ ಅಭ್ಯಾಸಗಳಿಗೆ ಅದರಲ್ಲಿ ಸ್ಥಳ ಕೊಟ್ಟರು.

ಯೂರೋಪಿನಲ್ಲಿಯೇ ಇನ್ನು ಕೆಲವರು ಚರಿತ್ರೆಯನ್ನು ಹಿಂದಕ್ಕೆ ತಿರುವಿ ನೋಡಿದರು. ಬೆಲ್ಜಿಯಮ್ಮಿನ ಸಿಗಿಸ್ವಾಲ್ಡ್ ಕಾಯ್ಕೆನ್ ಅವರು ಹಳೆಯ ಸಂಗೀತವನ್ನು ಹಳೆಯ ಹಿಡಿತದಿಂದಲೇ ನುಡಿಸಬೇಕೆಂದು ನಿಶ್ಚಯಿಸಿ, 1969ರಿಂದ ಗದ್ದವನ್ನು ಒತ್ತದೆ ಪಿಟೀಲನ್ನು ಹೆಗಲ ಮೇಲೆ ಸುಮ್ಮನೆ ಇರಿಸಿಕೊಂಡು ನುಡಿಸತೊಡಗಿದರು. ಹೆಬ್ಬೆರಳನ್ನು ತೆವಳಿಸುವ ಹಳೆಯ ವಿದ್ಯೆಯನ್ನು ಪುನಃ ಅಭ್ಯಾಸ ಮಾಡಬೇಕಾಯಿತು. ಅವರನ್ನು ಅನುಸರಿಸಿದವರು ಅನೇಕರು. ಜೆಮಿನಿಯಾನಿಯ ಪುಸ್ತಕವನ್ನು ಇವರು ಇನ್ನೂರು ವರ್ಷಗಳ ಧೂಳನ್ನು ಕೊಡವಿ ಓದಿದರೆನ್ನಬಹುದು.

ನಮ್ಮ ಊರುಗಳಲ್ಲಿ ಪಿಟೀಲು ಕಲಿಯುವ ಮಕ್ಕಳ ತಂದೆತಾಯಿಗಳು ಇದಿಷ್ಟನ್ನೂ ನೆನಪಿಡಬೇಕಾಗಿಲ್ಲ. ಮಗು ಮನೆಯಲ್ಲಿ ಸಾಧನೆಗೆ ಕುಳಿತಾಗ ಒಮ್ಮೆ ಅದರ ಕೆನ್ನೆಯನ್ನು ನೋಡಿದರೆ ಸಾಕು. ಗಂಟು ಕಂಡರೆ ಗದರಿಸಬಾರದು. ಗದರಿದರೆ ಗಂಟು ಎರಡಾಗುತ್ತದೆ. ನುಡಿಸುತ್ತಿರುವ ವರಸೆಯನ್ನೇ ಬಾಯಲ್ಲಿಯೂ ಹಾಡು ಮಗು ಎಂದರೆ ತಾನಾಗಿ ಬಿಡುತ್ತದೆ. ಕಿವಿಯ ಮುಂದೆ ನೋವು ಬಿಡದೆ ಇದ್ದರೆ, ಬಾಯಿ ಪೂರ್ತಿ ತೆರೆಯಲಾಗದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ಅಂಗಡಿಯಿಂದ ಮಕ್ಕಳಿಗೆ ತರುವ ಹೊಸ ಪಿಟೀಲನ್ನು ಬಿಚ್ಚಿ ನೋಡಿದವರಿಗೆ ಅದರ ಎಡಬದಿಯಲ್ಲಿ ಬಟ್ಟಲಿನಂತೆ ತಗ್ಗಾದ ಕಪ್ಪು ಹಲಗೆಯೊಂದು ಕಂಡಿರಬಹುದು. ಸ್ಪೋರನ ಹಲಗೆಯ ಸಂತತಿ ಅದು. ನಮ್ಮ ಪದ್ಧತಿಯಲ್ಲಿ ಅದಕ್ಕೆ ಯಾರ ಗದ್ದವೂ ತಾಗುವುದಿಲ್ಲ. ಆದರೂ ವಾದ್ಯದೊಡನೆ ಬಂದೇ ಬರುತ್ತದೆ. ಕೆಲವು ವಿದ್ವಾಂಸರು ಎದೆಗೆ ಒತ್ತುತ್ತದೆಂದು ಅದನ್ನು ಕಳಚಿಡುತ್ತಾರೆ. ಹೆಚ್ಚಿನವರು ಇದ್ದರೆ ಇರಲಿ ಎಂದು ಹಾಗೆಯೇ ಬಿಟ್ಟಿದ್ದಾರೆ.